ಮರದ ಮೇಲಿನ ಕೂಗು

ಆ ಸಿನಿಮಾದ ಕೊನೆಯನ್ನು ನಾವು ನೋಡಲೇ ಇಲ್ಲ. ತಿಪಟೂರಿನಿಂದ ಶೆಟ್ಟಿಕೆರೆ ಕಡೆಗೆ ಹೋಗುವ ಕೊನೆಯ ಬಸ್ಸು ತಪ್ಪಿಹೋದೀತೆಂದು, ಪರದೆಯ ಮೇಲೆ ಹೊಡೆದಾಟ ಇನ್ನೂ ನಡೆಯುತ್ತಿರುವಾಗಲೇ ಎದ್ದು ಬಂದೆವು. ನಾನು, ನಮ್ಮನೆಯವರು, ನನ್ನ ಅಣ್ಣ. ಒಳಗೆ ಕೂತಿದ್ದಷ್ಟು ಹೊತ್ತೂ ನನ್ನ ಎಡಕ್ಕೆ ಗಂಡ, ಬಲಕ್ಕೆ ಅಣ್ಣ, ನಡುವೆ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ನಾನು. ಪೊಟ್ಟಣಕ್ಕೆ ಇಬ್ಬರೂ ಕೈ ಹಾಕಲಿಲ್ಲ, ಒಬ್ಬರ ಕೈ ಇನ್ನೊಬ್ಬರ ಕೈಗೆ ತಗುಲೀತು ಅಂತ. ಕೊನೆಗೆ ಅಷ್ಟನ್ನೂ ನಾನೊಬ್ಬಳೇ ತಿಂದೆ.

ನಮ್ಮನ್ನು ಕರೆಸಿದ್ದು ಮಗಳು. ತಿಪಟೂರಿನ ಕಾಲೇಜಿನಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ತಾನು ಮೊದಲೇ ನೋಡಿಬಿಟ್ಟಿದ್ದಳು, ಹಾಗಾಗಿ ಅವತ್ತು ನಾವು ಮೂವರೇ. ಹಾರುವವರು, ಗುಡ್ಡ ಎತ್ತುವವರು ಇರುವ ಇಂಥ ಸಿನಿಮಾಗಳೆಂದರೆ ಅವಳಿಗೆ ಪ್ರಾಣ. "ಅಮ್ಮ, ಕನ್ನಡದಲ್ಲೇ ಮಾತಾಡ್ತಾರೆ ಕಣಮ್ಮ, ನಿಂಗೂ ಅರ್ಥ ಆಗುತ್ತೆ. ಅಪ್ಪನ್ನೂ ಮಾವನ್ನೂ ಇಬ್ರನ್ನೂ ಕರ್ಕೊಂಡು ಬಾ. ಇದು ಅವರದೇ ಕಥೆ" ಅಂದಳು ಫೋನಿನಲ್ಲಿ. ಅವಳಿಗೆ ಅವಳ ಮಾವ, ಅಂದರೆ ನನ್ನ ಅಣ್ಣ, ಅಪ್ಪನಿಗಿಂತ ಒಂದು ತೂಕ ಹೆಚ್ಚು. ಇಬ್ಬರೂ ಮಾತು ಕಮ್ಮಿ ಮಾಡಿರುವುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಸಿನಿಮಾ ನೋಡಿ ನಗಾಡಿ ಒಂದಾಗ್ತಾರೆ ಅಂದುಕೊಂಡಿತ್ತು ಮಗು. ನಾನೂ ಹಾಗೇ ಅಂದುಕೊಂಡೆ. ಇಬ್ಬರಿಗೂ ಸುಳ್ಳು ಹೇಳಿ ಬಸ್ಸು ಹತ್ತಿಸಿದೆ.

ಕಥೆ ಇಷ್ಟು. ಊರು ಕಾಯುವ ಶಕ್ತಿವಂತರ ಒಂದು ಗುಂಪು. ಒಬ್ಬ ಹಾರುತ್ತಾನೆ, ಒಬ್ಬ ಬಂಡೆ ಎತ್ತುತ್ತಾನೆ, ಒಬ್ಬಳಿಗೆ ಎಷ್ಟೋ ದೂರದ ಅಳು ಕೇಳಿಸುತ್ತದೆ. ಜನರನ್ನು ಉಳಿಸಲು ಹೋದಾಗ ಒಂದು ಕಟ್ಟಡ ಕುಸಿದು ಏನೂ ಪಾಪ ಮಾಡದವರು ಸಾಯುತ್ತಾರೆ. ಆಗ ಸರ್ಕಾರ ಹೇಳುತ್ತದೆ: ಇನ್ನು ಮೇಲೆ ನೀವು ಸಹಿ ಹಾಕಬೇಕು, ನಾವು ಕರೆದಾಗ ಮಾತ್ರ ಹೋಗಬೇಕು. ಹಾರುವವನು ಸಹಿ ಹಾಕುತ್ತಾನೆ. ಎತ್ತುವವನು ಹಾಕುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ನಮ್ಮದು ಹಾರುವ ಕಥೆಯಲ್ಲ, ಹತ್ತುವ ಕಥೆ. ನನ್ನ ಗಂಡ, ಅಣ್ಣ, ಇನ್ನೂ ನಾಲ್ವರು ತೆಂಗಿನ ಮರ ಹತ್ತಿ ಕಾಯಿ ಕೆಡವುವವರು. ನಮಗೂ ಒಂದಿಷ್ಟು ತೋಟ ಇದೆ, ಆದರೂ ಹತ್ತುವುದು ಬಿಟ್ಟಿರಲಿಲ್ಲ. ಕೂಲಿಗೆ ಹತ್ತುವುದು ಒಂದು, ಕೂಲಿಯಿಲ್ಲದೆ ಹತ್ತುವುದು ಇನ್ನೊಂದು. ಯಾರಾದರೂ ಮರದ ಮೇಲೆ ತಲೆಸುತ್ತಿ ಸಿಕ್ಕಿಕೊಂಡರೆ, ಬಾವಿಗೆ ಬಿದ್ದರೆ, ದನ ಹಳ್ಳದಲ್ಲಿ ಹೂತುಕೊಂಡರೆ ಈ ಆರು ಜನಕ್ಕೆ ಹೇಳಿಕಳಿಸುತ್ತಿದ್ದರು. ಸುತ್ತಿನ ಹಳ್ಳಿಯವರು ಇವರನ್ನು ಹಗ್ಗದೋರು ಅಂತ ಕರೆಯುತ್ತಿದ್ದರು. ಉಣ್ಣುವ ಕೈಯನ್ನು ಹಾಗೇ ಜಾಡಿಸಿಕೊಂಡು ಎದ್ದು ಹೋಗುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಬೈದಿದ್ದಕ್ಕೆ ಲೆಕ್ಕವೇ ಇಲ್ಲ. ಬೈಯುತ್ತಲೇ ಇಬ್ಬರ ಮೊಣಕಾಲಿಗೂ ಹಳೇ ಪ್ಯಾಂಟಿನ ದಪ್ಪ ಬಟ್ಟೆ ಕತ್ತರಿಸಿ ಪಟ್ಟಿ ಹೊಲಿದುಕೊಡುತ್ತಿದ್ದೆ. ನಾನು ಬಟ್ಟೆ ಹೊಲಿಯುವವಳು, ಸಿಟ್ಟು ಬಂದರೆ ಮಿಷಿನ್ನಿನ ಚಕ್ರ ಜೋರಾಗಿ ತಿರುಗುತ್ತೆ ಅಷ್ಟೇ.

ಈ ಮರ ಹತ್ತುವವರಲ್ಲಿ ಒಂದು ಕಟ್ಟಳೆ ಇದೆ. ಹತ್ತುವ ಮುಂಚೆ ಒಂದು ಕೂಗು ಹಾಕುತ್ತಾರೆ, ಕೆಳಗೆ ಯಾರೂ ಬರಬಾರದು ಅಂತ. ಕೆಳಗೆ ನಿಂತ ಜೊತೆಗಾರ ಓಗೊಡುತ್ತಾನೆ. ಮೇಲೆ ಏನಾದರೂ ತೊಂದರೆಯಾದರೆ ಎರಡು ಸಲ ಕೂಗುತ್ತಾರೆ. ಆ ಕೂಗು ಕೇಳಿದ ಹತ್ತುವವನು ಯಾರೇ ಆಗಿರಲಿ, ಹಗೆಯೇ ಆಗಿರಲಿ, ಓಗೊಟ್ಟು ಬರಬೇಕು. ಬರದಿದ್ದವನ ಮರದ ಕೆಳಗೆ ಆಮೇಲೆ ಯಾರೂ ನಿಲ್ಲುವುದಿಲ್ಲ. ಮರದ ಮೇಲಿರುವವನನ್ನು ಬಿಟ್ಟು ಬೇರೆ ಯಾರೂ ಆ ಎರಡು ಸಲದ ಕೂಗು ಹಾಕುವಂತಿಲ್ಲ. ನೆಲದ ಮೇಲೆ ನಿಂತು ಹಾಗೆ ಕೂಗಿದರೆ ಮನೆಗೆ ಆಗಿಬರುವುದಿಲ್ಲ ಅಂತ ನಮ್ಮಪ್ಪ ಹೇಳುತ್ತಿದ್ದ. ಅವನೂ ಹತ್ತುವವನೇ.

ಒಬ್ಬೊಬ್ಬರದು ಒಂದೊಂದು ಕೂಗು. ನಮ್ಮನೆಯವರದು ಉದ್ದ, ಕೆರೆ ಆಚೆಗೂ ಹೋಗುವಂಥದ್ದು. ಅಣ್ಣನದು ಮೋಟು, ಕೊನೆಗೆ ಬಿಕ್ಕಳಿಕೆ ಬಂದವನಂತೆ ಕತ್ತರಿಸಿಕೊಳ್ಳುತ್ತಿತ್ತು. ಇಬ್ಬರೂ ಚಡ್ಡಿ ಹಾಕುವ ವಯಸ್ಸಿನಿಂದ ಜೊತೆ. ನನ್ನ ಮದುವೆ ಆಗಿದ್ದೇ ಆ ಜೊತೆಯಿಂದ. ಬೇರೆ ಯಾರಾದರೂ ಕರೆದಾಗ ಇಬ್ಬರೂ ಒಟ್ಟಿಗೇ ಓಗೊಡುತ್ತಿದ್ದರು, ಒಬ್ಬನ ದನಿಯ ಮೇಲೆ ಇನ್ನೊಬ್ಬನ ದನಿ ಬೀಳುತ್ತಿತ್ತು. ಒಬ್ಬ ಮುಗಿಸುವವರೆಗೆ ಇನ್ನೊಬ್ಬ ಕಾದವನೇ ಅಲ್ಲ. ಅತ್ತಿಗೆ ಮಕ್ಕಳಿಲ್ಲದೆ ತೀರಿಹೋದ ಮೇಲೆ ಅಣ್ಣನ ಊಟ ನಮ್ಮ ಮನೆಯಲ್ಲೇ. ನಮ್ಮ ಪಡಸಾಲೆಯಲ್ಲಿ ಮೂರು ತಟ್ಟೆ ಸಾಲಾಗಿ ಇಟ್ಟರೇ ನನಗೆ ಸಮಾಧಾನ.

ಎಲ್ಲ ಕೆಟ್ಟಿದ್ದು ಒಂದು ಬಾವಿಯಿಂದ. ಹುಳಿಯಾರು ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸೊಬ್ಬಳು ಹಾಳುಬಾವಿಗೆ ಬಿದ್ದಿದ್ದಳು. ಹಗ್ಗದೋರು ಹೋದರು. ಅಣ್ಣ ಬಾವಿಗಿಳಿದು ಅವಳನ್ನು ಹಗ್ಗಕ್ಕೆ ಕಟ್ಟಿದ. ಮೇಲೆ ನಮ್ಮನೆಯವರು ಮುಂದಿನ ಕೈ, ಉಳಿದವರು ಹಿಂದೆ. ಎಳೆದು ಇನ್ನೇನು ಅವಳ ತಲೆ ಕಾಣಿಸಬೇಕು, ಬಾವಿಯ ಕಲ್ಲಂಚಿಗೆ ಉಜ್ಜಿ ಹಗ್ಗ ಹರಿಯಿತು. ಆ ತಾಯಿ ಅಣ್ಣನ ಕಣ್ಣೆದುರೇ ಕಲ್ಲಿನ ಮೇಲೆ ಬಿದ್ದಳು. ಜೀವ ಹೋಯಿತು.

ಅಲ್ಲಿಂದ ಬಂದ ಮೇಲೆ ನಮ್ಮನೆಯವರು ಅಂಗೈ ನೋಡಿಕೊಂಡು ಕೂರುತ್ತಿದ್ದರು. "ಹಗ್ಗ ಹಳೇದಾಗಿತ್ತು ಕಣೇ. ಯಾರಾದ್ರೂ ನೋಡ್ಬೇಕಿತ್ತು. ನಮ್ಮನ್ನ ಕೇಳೋರು ಯಾರೂ ಇಲ್ಲ ಅನ್ನೋದೇ ತಪ್ಪು" ಅನ್ನುತ್ತಿದ್ದರು. ಅಣ್ಣನ ಸಂಕಟ ಬೇರೆ. ಅವನಿಳಿದಾಗ ಆ ಹೆಂಗಸಿಗೆ ಜೀವವಿತ್ತು, ಅವನ ಕಿರುಬೆರಳು ಹಿಡಿದುಕೊಂಡಿದ್ದಳು. "ಇನ್ನೊಂದ್ ಗಳಿಗೆ ಮುಂಚೆ ಹೋಗಿದ್ರೆ ಬುಟ್ಟೀಲಿ ಕೂರ್ಸಿ ನಿಧಾನಕ್ಕೆ ಎತ್ಬೋದಾಗಿತ್ತು. ತಡ ಆಯ್ತು ಅಂತ ಆತುರ ಬಿದ್ವಿ" ಅನ್ನುತ್ತಿದ್ದ. ಒಂದೇ ಸಾವು, ಒಬ್ಬನಿಗೆ ನಿಲ್ಲು ಅಂದಿತು, ಇನ್ನೊಬ್ಬನಿಗೆ ಓಡು ಅಂದಿತು. ನಾನು ಯಾರ ಪರ ಮಾತಾಡಲಿ? ಇಬ್ಬರೂ ಸರಿಯಾಗೇ ಹೇಳುತ್ತಿದ್ದರು.

ತಾಲ್ಲೂಕಿನಿಂದ ಕರೆ ಬಂತು. ಅಧಿಕಾರಿ ಒಳ್ಳೆಯ ಮನುಷ್ಯನೇ, ಎಲ್ಲರಿಗೂ ಕಾಫಿ ತರಿಸಿದರಂತೆ. ಕೇಸು ಗೀಸು ಅನ್ನಲಿಲ್ಲ. ಸಹಿ ಹಾಕಿ, ತರಬೇತಿ ಕೊಡುತ್ತೇವೆ, ಬೆಲ್ಟು, ಹೆಲ್ಮೆಟ್ಟು, ಹೊಸ ಹಗ್ಗ, ವಿಮೆ, ಕಾರ್ಡು ಎಲ್ಲ ಕೊಡುತ್ತೇವೆ ಅಂದರು. ಆದರೆ ಅಗ್ನಿಶಾಮಕದವರ ಫೋನು ಬಂದ ಮೇಲೇ ಹೊರಡಬೇಕು, ಅವರ ಗಾಡಿ ಬರುವವರೆಗೆ ಯಾರೂ ಹತ್ತಬಾರದು, ಇಳಿಯಬಾರದು. ಮೀರಿದರೆ ಮುಂದಿನದಕ್ಕೆಲ್ಲ ನೀವೇ ಹೊಣೆ.

"ಸಾರ್, ಮರದ ಮೇಲಿಂದ ಕೂಗು ಬಂದ್ರೆ ಮೊದ್ಲು ಫೋನ್ ಮಾಡ್ಲೋ, ಹತ್ಲೋ?" ಅಂತ ಅಣ್ಣ ಕೇಳಿದನಂತೆ.

"ಮೊದಲು ಫೋನು" ಅಂದರಂತೆ ಅವರು.

ಅಣ್ಣ ಕಾಫಿ ಲೋಟ ಕೆಳಗಿಟ್ಟು, ನಮಸ್ಕಾರ ಮಾಡಿ ಎದ್ದು ಬಂದ. ಉಳಿದ ಐವರೂ ಸಹಿ ಹಾಕಿದರು. ಅದರಲ್ಲಿ ಮೊದಲನೆಯ ಸಹಿ ನಮ್ಮನೆಯವರದು.

ಅವತ್ತಿನಿಂದ ಮಾತು ಕಮ್ಮಿಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಪೂರ್ತಿ ನಿಲ್ಲಿಸಿದ್ದು ನನ್ನ ಮಗಳ ಸಿನಿಮಾ. ಒಂದು ಮಾಡಲು ಹೋಗಿ ಎರಡು ಮಾಡಿದೆವು ನಾವಿಬ್ಬರೂ. ಟಾಕೀಸಿನಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನೇ ಬಾಯಿಬಿಟ್ಟೆ, "ಅಯ್ಯೋ, ಕೊನೆ ಏನಾಗುತ್ತೋ ನೋಡ್ಬೇಕಿತ್ತು."

"ನೋಡಾದೇನೈತೆ, ಒಂದಾಗ್ತಾರೆ ಬುಡು" ಅಂದ ಅಣ್ಣ. "ಸಿನಿಮಾದಾಗೆ ಎಲ್ರೂ ಒಂದಾಗ್ತಾರೆ."

"ಯಾಕ್ ಒಂದಾಗ್ಬೇಕು? ಆ ಎತ್ತೋನು ತಪ್ಪು ಒಪ್ಕಳ್ಳಿ ಮೊದ್ಲು. ಕಟ್ಟಡ ಬಿದ್ದಿದ್ದು ಇವರ ಕೈಯಿಂದ್ಲೇ ತಾನೆ?" ಅಂದರು ನಮ್ಮನೆಯವರು.

"ಇವರು ಹೋಗ್ದೇ ಇದ್ದಿದ್ರೆ ಎಲ್ರೂ ಸಾಯ್ತಿದ್ರು ಕಣ್ಲಾ ಭಾವ."

"ಸತ್ತೋರ ಮನೆಯೋರಿಗೆ ಹೋಗಿ ಹೇಳು ಅದನ್ನ."

"ಹೇಳ್ತೀನಿ. ನಾನು ಬಾವಿ ಒಳಗಿದ್ದೆ. ನೀನೆಲ್ಲಿದ್ದೆ?" ಅಣ್ಣ ನಿಂತುಬಿಟ್ಟ. "ಹಗ್ಗ ಹಿಡ್ದಿದ್ದೋನು ನೀನು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಬಸ್ ಸ್ಟ್ಯಾಂಡಿನ ಮುಂದೆ, ಹೂವು ಮಾರುವವಳ ಎದುರಿಗೇ ಒಡೆಯಿತು. ನಮ್ಮನೆಯವರ ಮುಖ ಬೂದಿಯಾಯಿತು. ಅಣ್ಣನ ಬಾಯಿಂದ ಬಂದಿದ್ದು ಅಣ್ಣನಿಗೇ ಹೊಡೆಯಿತು, ಅದು ನನಗೆ ಕಂಡಿತು. ಆದರೆ ಗಂಡಸರಲ್ಲವೇ, ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ?

"ಇನ್ಮೇಲೆ ನಿನ್ ಮರದ ಕೆಳಗೆ ನಾನು ನಿಲ್ಲಾಕಿಲ್ಲ" ಅಂದರು ನಮ್ಮನೆಯವರು.

"ನಿಂತ್ಕ ಅಂತ ಕರ್ಯಾಕಿಲ್ಲ ಹೋಗು. ಸತ್ರೂ ನಿನ್ನ ಕೂಗಾಕಿಲ್ಲ."

"ಥೂ, ನಿಮ್ ಬಾಯಿಗೆ ಮಣ್ಣು ಹಾಕ!" ಅಂತ ನಾನು ಕಿರುಚಿದೆ. ಹೂವಿನವಳು ನನ್ನನ್ನೇ ನೋಡಿದಳು. ಬಸ್ಸಿನಲ್ಲಿ ಅಣ್ಣ ಡ್ರೈವರ್ ಹಿಂದೆ ಕೂತ, ನಾವು ಕೊನೆಯ ಸೀಟಿನಲ್ಲಿ ಕೂತೆವು.

ಮಾರನೇ ದಿನದಿಂದ ಅಣ್ಣ ಊಟಕ್ಕೆ ಬರಲಿಲ್ಲ. ನಾನು ಬಿಡುತ್ತೇನೆಯೇ? ಡಬ್ಬಿ ಕಟ್ಟಿಕೊಂಡು ಅವನು ಯಾರ ತೋಟದಲ್ಲಿದ್ದರೆ ಆ ತೋಟಕ್ಕೆ ಹೋಗುತ್ತಿದ್ದೆ. ಅವನ ಕೆಳಗೆ ಈಗ ಯಾರೂ ನಿಲ್ಲುತ್ತಿರಲಿಲ್ಲ. ಉಳಿದವರು ಬೆಲ್ಟು ಕಟ್ಟಿ, ಸರ್ಕಾರದ ಲೆಕ್ಕದಲ್ಲಿ ಹತ್ತುವವರು. ಇವನ ಜೊತೆ ನಿಂತರೆ ಅವರ ಕಾರ್ಡಿಗೆ ಕುತ್ತು. ಒಬ್ಬನೇ ಹತ್ತಬೇಡ ಅಂತ ನಾನು ಕೈಮುಗಿದೆ. "ಮರಕ್ಕೇನು ಗೊತ್ತವ್ವ, ಒಬ್ನೋ ಇಬ್ರೋ" ಅಂದ. ಆದರೂ ಹತ್ತುವ ಮುಂಚಿನ ಕೂಗು ಬಿಟ್ಟಿರಲಿಲ್ಲ. ಕೂಗಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಓಗೊಡುವವರಿಲ್ಲ. ಆಮೇಲೆ ಹತ್ತುತ್ತಿದ್ದ. ಅದನ್ನು ನೋಡಿದ ದಿನ ಮನೆಗೆ ಬಂದು ನಮ್ಮನೆಯವರ ಹತ್ತಿರ ಜಗಳ ತೆಗೆದೆ. "ಹೋಗ್ರೀ, ಒಂದ್ ಸಲ ಹೋಗಿ ನಿಂತ್ಕೊಳ್ರೀ, ನಿಮ್ ಗಂಟೇನು ಹೋಗುತ್ತೆ?" ಅಂದೆ. "ಅವ್ನೇ ಕೂಗ್ಲಿ, ಹೋಗ್ತೀನಿ" ಅಂದರು. ಅದನ್ನು ಅಣ್ಣನಿಗೆ ಹೋಗಿ ಹೇಳಿದರೆ ಅವನು ಡಬ್ಬಿಯ ಮುಚ್ಚಳ ಹಾಕಿದ, ಅಷ್ಟೇ.

ಆ ದಿನ ಹುರುಳಿಕಾಳು ಬಸ್ಸಾರು, ಮುದ್ದೆ. ಅಣ್ಣನಿಗೆ ಇಷ್ಟ ಅಂತ ಮಾಡಿದ್ದೆ. ನಮ್ಮ ತೋಟಕ್ಕೆ ಹೊಂದಿಕೊಂಡ ತೋಟದಲ್ಲೇ ಅವನು ಕಾಯಿ ಕೆಡವುತ್ತಿದ್ದ. ನಡುವೆ ಲಂಟಾನದ ಬೇಲಿ ಒಂದೇ. ಬೇಲಿಯ ಈಚೆ ನಮ್ಮನೆಯವರು ಗಿಡಗಳಿಗೆ ನೀರು ತಿರುಗಿಸುತ್ತಿದ್ದರು. ತೋಟದ ಯಜಮಾನರು ಊರಲ್ಲಿರಲಿಲ್ಲ, ಕಾಯಿ ಆಯುವವರು ಮಾರನೇ ದಿನ ಬರುವವರು. ನಾನು ಹೋದಾಗ ಬಿಸಿಲು ಇಳಿಯುತ್ತಿತ್ತು. ಬ್ಲೌಸು ಒಂದು ಅರ್ಜೆಂಟಿತ್ತು, ಹೊಲಿದು ಮುಗಿಸಿ ಹೊರಟಿದ್ದೆ.

ಸೈಕಲ್ಲು ನಿಂತಿತ್ತು. ಒಂದು ಮರದ ಬುಡದಲ್ಲಿ ಅವನ ಚಪ್ಪಲಿ. ಸುತ್ತ ಕೆಡವಿದ ಕಾಯಿ. ಸದ್ದಿಲ್ಲ. ಕಾಯಿ ಕೆಡವುವ ತೋಟದಲ್ಲಿ ಸದ್ದಿಲ್ಲದಿರುವುದು ಇದೆಯಲ್ಲ, ಅದು ನನಗೆ ಚಿಕ್ಕಂದಿನಿಂದ ಗೊತ್ತಿರುವ ಭಯ. ತಲೆಯೆತ್ತಿದೆ. ಗರಿಗಳ ನಡುವೆ ಒಂದು ಕಾಲು ಕಾಣಿಸಿತು. ಅವನು ಮರದ ತಲೆಯಲ್ಲಿ ಮಟ್ಟೆಗಳ ಮಧ್ಯೆ ಕೂತು, ಟವೆಲಿನಿಂದ ತನ್ನನ್ನು ತಾನೇ ಮಟ್ಟೆಗೆ ಬಿಗಿದುಕೊಂಡಿದ್ದ. ಬೀಳದ ಹಾಗೆ.

"ಅಣ್ಣಾ!"

ಕಾಲು ಅಲುಗಿತು. ಮಾತಿಲ್ಲ.

"ಅಣ್ಣಾ, ಮಾತಾಡೋ! ಏನಾಯ್ತೋ?"

ಕಾಲು ಮತ್ತೆ ಅಲುಗಿತು. ಜೀವ ಇದೆ. ಜೀವ ಇದೆ, ಆದರೆ ಕೂಗುತ್ತಿಲ್ಲ. ಫೋನು ಮನೆಯಲ್ಲಿತ್ತು. ಓಡಬೇಕು ಅನ್ನುವುದೂ ತೋಚಲಿಲ್ಲ. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಮರದ ಬುಡದಲ್ಲಿ ನೆಲದ ಮೇಲೆ ನಿಂತು, ನಮ್ಮಪ್ಪ ಬೇಡವೆಂದಿದ್ದ ಕೂಗನ್ನು ನಾನು ಕೂಗಿದೆ. ಎರಡು ಸಲ. ಆಗಿಬರದಿದ್ದರೆ ಬರದಿರಲಿ, ಇದಕ್ಕಿಂತ ಇನ್ನೇನು ಆಗಬೇಕಿತ್ತು?

ಕೂಗು ಮುಗಿದಿರಲಿಲ್ಲ, ಬೇಲಿಯಾಚೆಯಿಂದ ಉದ್ದನೆಯ ಓಗೊಡುವಿಕೆ ಬಂತು. ಹಿಂದೆಯೇ ನಮ್ಮನೆಯವರು ಲಂಟಾನದೊಳಗಿಂದಲೇ ನುಗ್ಗಿ ಬಂದರು. ತೋಳು ತುಂಬ ಮುಳ್ಳು ಗೀರಿ ರಕ್ತ. ನನ್ನನ್ನು ನೋಡಿದರು, ಮರ ನೋಡಿದರು. ಜೇಬಿನ ಫೋನು ತೆಗೆದು ನನ್ನ ಕೈಗೆ ತುರುಕಿದರು. "ಸ್ಟೇಷನ್ನಿಗೆ ಮಾಡು."

"ಬೆಲ್ಟು ಮನೇಲಿ..."

"ಯಾವ್ ಬೆಲ್ಟೇ!"

ಹೆಗಲ ಮೇಲಿನ ಟವೆಲನ್ನು ಹುರಿಮಾಡಿ ಗಂಟು ಹಾಕಿ ಪಾದಗಳಿಗೆ ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟರು. ಆ ವಯಸ್ಸಿನಲ್ಲಿ ಅವರು ಹಾಗೆ ಹತ್ತಿದ್ದನ್ನು ನಾನು ನೋಡಿರಲಿಲ್ಲ.

ಫೋನಿನಲ್ಲಿದ್ದವರು ಗಾಡಿ ಹುಳಿಯಾರು ಕಡೆಗೆ ಹೋಗಿದೆ, ಬಣವೆಗಳಿಗೆ ಬೆಂಕಿ ಬಿದ್ದಿದೆ ಅಂದರು. ಉಳಿದ ಹಗ್ಗದೋರು ನಾಲ್ವರೂ ಆ ಗಾಡಿಯ ಜೊತೆಗೇ ಹೋಗಿದ್ದರು, ನೀರಿನ ಸರದಿಯೆಂದು ನಮ್ಮನೆಯವರೊಬ್ಬರೇ ಉಳಿದಿದ್ದರು. "ನಾವು ಬರ್ತೀವಿ ಅಮ್ಮ, ಅಲ್ಲೀವರೆಗೂ ಯಾರೂ ಹತ್ತಬಾರದು, ಯಾರನ್ನೂ ಹತ್ತಿಸಬೇಡಿ."

"ಹತ್ತಿ ಆಯ್ತು ಸ್ವಾಮಿ" ಅಂದೆ. "ಬೇಗ ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಲೆ ಇಬ್ಬರ ಪಿಸುಮಾತು ಕೇಳುತ್ತಿತ್ತು. ಏನೆಂದು ತಿಳಿಯಲಿಲ್ಲ. ಎಷ್ಟು ದಿನದ ಮೇಲೆ ಇಬ್ಬರೂ ಮಾತಾಡುತ್ತಿದ್ದರು, ಅದೂ ನನ್ನ ಕೈಗೆಟುಕದ ಎತ್ತರದಲ್ಲಿ. "ಏನ್ರೀ?" ಅಂತ ಕೂಗಿದೆ.

"ಮಾತಾಡ್ತವ್ನೆ ಕಣೇ! ಎದೆ ಹಿಡ್ಕಂಡೈತಂತೆ. ಮಧ್ಯಾಹ್ನದಿಂದ್ಲೂ ಹಿಂಗೇ ಅವ್ನೆ. ಒಬ್ನೇ ಇಳ್ಸಕ್ಕಾಗಲ್ಲ, ಗಾಡಿ ಬರಗಂಟ ಹಿಡ್ಕಂಡಿರ್ತೀನಿ."

ಮಧ್ಯಾಹ್ನದಿಂದ! ನಾನು ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿದ್ದಾಗಿನಿಂದ. ಬೇಲಿಯಾಚೆ ಓಗೊಡುವ ಗಂಡಸು ನೀರು ಕಟ್ಟುತ್ತಿದ್ದಾಗಿನಿಂದ. ಒಂದು ಕೂಗು ಹಾಕಿದ್ದರೆ ಸಾಕಿತ್ತಲ್ಲೋ, ಪಾಪಿ, ಒಂದೇ ಒಂದು! ಬಸ್ ಸ್ಟ್ಯಾಂಡಿನಲ್ಲಿ ಆಡಿದ ಮಾತನ್ನು ಪ್ರಾಣ ಕೊಟ್ಟು ಉಳಿಸಿಕೊಳ್ಳಬೇಕಾಗಿತ್ತೇ? ಮರದ ಬುಡಕ್ಕೆ ತಲೆ ಚಚ್ಚಿಕೊಂಡೆ. ಅಣ್ಣನಿಗೆ ಬೈದೆ, ಗಂಡನಿಗೆ ಬೈದೆ, ಆ ಕಾರ್ಡಿಗೆ, ಆ ಬಾವಿಗೆ, ಆ ಸಿನಿಮಾ ತೆಗೆದವರ ವಂಶಕ್ಕೆ ಬೈದೆ. ದೇವರಿಗೆ ಮಾತ್ರ ಬೈಯಲಿಲ್ಲ. ಅವನಿಂದ ಇನ್ನೂ ಕೆಲಸ ಆಗಬೇಕಿತ್ತು.

ಅಕ್ಕಪಕ್ಕದ ತೋಟದವರು ನಾಲ್ಕು ಜನ ಸೇರಿದರು. ಅವರಲ್ಲಿ ಹತ್ತುವವರು ಯಾರೂ ಇಲ್ಲ. ಒಬ್ಬಾತ ರಸ್ತೆಗೆ ಹೋಗಿ ಗಾಡಿಗೆ ದಾರಿ ತೋರಿಸಲು ನಿಂತ. ಉಳಿದವರು ಕತ್ತೆತ್ತಿ ನೋಡುತ್ತಾ ನಿಂತರು. ಬೇರೇನು ಮಾಡಿಯಾರು?

ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. "ಅಣ್ಣಾ!" ಅಂತ ಕೂಗಿದೆ. ಮೇಲಿಂದ ಇಬ್ಬರೂ ಓಗೊಟ್ಟರು. ಉದ್ದನೆಯದು ಒಂದು, ಅದರ ಮೇಲೇ ಬಿದ್ದ ಮೋಟು ದನಿ ಒಂದು, ಸಣ್ಣಗೆ, ಕೊನೆಗೆ ಕತ್ತರಿಸಿಕೊಂಡು. ಅಯ್ಯೋ, ಆ ದನಿ ಕೇಳಿ ಎಷ್ಟು ಹಗುರಾದೆ! ಉಳಿದುಕೊಂಡ ಅನ್ನಿಸಿತು. ಡಬ್ಬಿಯೊಳಗಿನ ಮುದ್ದೆ ಆರಿಹೋಗಿರುತ್ತೆ, ಬಿಸಿಯಾಗಿ ಬೇರೆ ಮಾಡಿಕೊಡಬೇಕು ಅಂತ ಯೋಚನೆಯೂ ಬಂತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದೆ. ಮತ್ತೆ ಎರಡೂ ಬಂದವು. ಬಿಸಿಲು ಪೂರ್ತಿ ಇಳಿಯಿತು. ಮತ್ತೆ ಕರೆದೆ.

ಈ ಸಲ ಮೊದಲು ಉದ್ದನೆಯದು ಬಂತು. ಅದು ಮುಗಿಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೋಟು ದನಿ ಬಂತು. ಕೊನೆಗೆ ಕತ್ತರಿಸಿಕೊಂಡಿತು, ಎಲ್ಲ ಸರಿಯಾಗಿತ್ತು. ಜೊತೆಗಿದ್ದವರು "ನೋಡು, ಓಗೊಡ್ತಾ ಅವ್ನೆ, ಏನಾಗಲ್ಲ ಬುಡವ್ವ" ಅಂದರು.

ನನಗೆ ಗೊತ್ತಾಯಿತು. ಆ ಇಬ್ಬರೂ ಜನ್ಮದಲ್ಲಿ ಒಬ್ಬರಿಗೊಬ್ಬರು ಕಾದು ಓಗೊಟ್ಟವರಲ್ಲ. ಎರಡೂ ಒಂದೇ ಬಾಯಿಂದ ಬಂದಿದ್ದವು.

ನಿಂತೇ ಇದ್ದೆ, ಕೂರಲಿಲ್ಲ. ನಾನು ಕೂತರೆ ಮೇಲಿಂದ ಕಾಣುತ್ತದೆ. ಅಳುವಂತಿಲ್ಲ, ಮೇಲಕ್ಕೆ ಕೇಳುತ್ತದೆ. ನನಗೆ ಗೊತ್ತಾಗಿದೆ ಅಂತ ಅವರಿಗೆ ತಿಳಿದರೆ ಅವರ ತೋಳು ಸಡಿಲವಾಗಿಬಿಡುತ್ತದೆ, ಬೆಲ್ಟಿಲ್ಲ, ಹಗ್ಗವಿಲ್ಲ, ಇಬ್ಬರೂ ಬರುತ್ತಾರೆ ಕೆಳಗೆ. ಒಬ್ಬ ಹೋದ. ಇನ್ನೊಬ್ಬರಾದರೂ ಉಳಿಯಬೇಕು. ಹಾಗಾಗಿ ನಾನು ಕರೆಯುತ್ತಲೇ ಇದ್ದೆ. "ಅಣ್ಣಾ!" ಅನ್ನುತ್ತಿದ್ದೆ. ಅವರು ಮೊದಲು ತಮ್ಮದನ್ನು ಕೂಗಿ, ಉಸಿರೆಳೆದುಕೊಂಡು, ಅಣ್ಣನದನ್ನೂ ಕೂಗುತ್ತಿದ್ದರು. ಕತ್ತಲಾಗುವವರೆಗೂ ನಾವಿಬ್ಬರೂ ಹೀಗೇ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡೆವು.

ಗಾಡಿ ಬಂತು. ಏಣಿ ಹಾಕಿದರು, ದೀಪ ಬಿಟ್ಟರು. ಹಗ್ಗದೋರು ನಾಲ್ವರೂ ಬೆಲ್ಟು ಕಟ್ಟಿಕೊಂಡು ಹತ್ತಿದರು. ಅಣ್ಣನನ್ನು ಹೊಸ ಹಗ್ಗದಲ್ಲಿ, ಒಂದು ಚೂರೂ ತಗುಲದ ಹಾಗೆ, ಮಗುವನ್ನು ಇಳಿಸಿದಂತೆ ಇಳಿಸಿದರು. ಆ ಹಗ್ಗ ಬಾವಿಯ ಹೊತ್ತಿಗೆ ಇದ್ದಿದ್ದರೆ ಆ ಹೆಂಗಸು ಬದುಕುತ್ತಿದ್ದಳು. ನಮ್ಮನೆಯವರ ಮಾತೂ ಸುಳ್ಳಲ್ಲ. ಆಮೇಲೆ ಅವರನ್ನು ಇಳಿಸಿದರು. ಅವರ ತೋಳುಗಳು ಇನ್ನೂ ಏನನ್ನೋ ಅಪ್ಪಿಕೊಂಡ ಹಾಗೇ ಇದ್ದವು, ಬಿಡಿಸಲು ಬರಲಿಲ್ಲ. ಎಣ್ಣೆ ಹಚ್ಚಿ ನೀವಿದೆ.

ಹಾಲು-ತುಪ್ಪದ ದಿನ ಆ ಅಧಿಕಾರಿ ಬಂದಿದ್ದರು. ಜಗುಲಿಯ ಮೇಲೆ ಚಾಪೆ ಹಾಸಿಕೊಟ್ಟೆ. "ನೀವು ಹಾಗೆ ಹತ್ತಬಾರದಿತ್ತು" ಅಂದರು, ಮೆತ್ತಗೆ.

"ಹೌದು ಸಾರ್" ಅಂದರು ನಮ್ಮನೆಯವರು. "ಮಧ್ಯಾಹ್ನಾನೇ ಹತ್ಬೇಕಾಗಿತ್ತು."

ಅಧಿಕಾರಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಕಾರ್ಡು ವಾಪಸ್ಸು ಕೇಳಲಿಲ್ಲ. ಇವರೂ ಕೊಡಲಿಲ್ಲ. ಈಗಲೂ ಬೆಲ್ಟು ಕಟ್ಟಿಕೊಂಡೇ ಹತ್ತುತ್ತಾರೆ. ಆ ದಿನ ಅಣ್ಣ ಕೆಡವಿದ ಕಾಯನ್ನು ತೋಟದ ಯಜಮಾನರು ನಮಗೇ ಬಿಟ್ಟರು. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದೇವೆ. ಒಳಗಿನ ನೀರು ಇಂಗಲು ಇನ್ನೂ ತಿಂಗಳುಗಳು ಬೇಕು.

ಮೊನ್ನೆ ರಜೆಗೆ ಮಗಳು ಬಂದಿದ್ದಳು. ಟೀವಿಯಲ್ಲಿ ಆ ಸಿನಿಮಾ ಬಂತು. ಅವಳು ಗಾಬರಿಯಾಗಿ ಬದಲಿಸಲು ಹೋದಳು. "ಇರ್ಲಿ ಬುಡು" ಅಂದರು ಇವರು. ಮೂವರೂ ಕೂತೆವು. ಹಾರುವವನೂ ಎತ್ತುವವನೂ ಹೊಡೆದಾಡಲು ಶುರು ಮಾಡುತ್ತಿದ್ದಂತೆ ನಾನು ಎದ್ದು ಆರಿಸಿಬಿಟ್ಟೆ. ನನಗಾಗಲಿಲ್ಲ.

"ಕೊನೆಗೇನಾಗುತ್ತವ್ವ?" ಅಂತ ಕೇಳಿದರು ಇವರು ಮಗಳನ್ನು. "ನಿಮ್ಮಾವ ಒಂದಾಗ್ತಾರೆ ಅಂದಿದ್ದ."

ಅವಳು ನನ್ನ ಮುಖ ನೋಡಿದಳು. "ಇದ್ರಲ್ಲಿ ಒಂದಾಗಲ್ಲ ಅಪ್ಪ. ಮುಂದಿನ ಭಾಗ ಬರುತ್ತಂತೆ, ಅದ್ರಲ್ಲಿ ಆಗ್ತಾರೇನೋ."

ಇವರು ತಲೆಯಾಡಿಸಿದರು. ನಮಗೆಲ್ಲಿಯ ಮುಂದಿನ ಭಾಗ? ನನಗೆ ಇದ್ದಕ್ಕಿದ್ದಂತೆ ಸಿಟ್ಟು ನೆತ್ತಿಗೇರಿತು. ಸತ್ತವನ ಮೇಲೆ. "ಹಟ ಕಣ್ರೀ, ಬರೀ ಹಟ! ಸತ್ರೂ ಕೂಗಲ್ಲ ಅಂದಿದ್ದ, ಹಂಗೇ ಮಾಡ್ದ. ಬೇಲಿ ಆಚೆ ನೀವಿದ್ದದ್ದು ಅವನಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಮೇಲಿಂದ ನಾನು ಕಾಣ್ತಿದ್ನಂತೆ" ಅಂದರು ಇವರು. "ನಂಗೂ ಗೊತ್ತಾಗಿತ್ತು ಕಣೇ, ಕಾಯಿ ಬೀಳೋ ಸದ್ದು ನಿಂತಿದ್ದು. ಗುದ್ಲಿ ಹಿಡ್ಕಂಡು ಬೇಲಿ ಪಕ್ಕಾನೇ ನಿಂತಿದ್ದೆ. ಕೂಗ್ಲಿ, ಕೂಗಿದ್ ತಕ್ಷಣ ಹೋಗಾನ ಅಂತ ಕಾಯ್ತಾ ಇದ್ದೆ."

ಮಗಳು ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು. ಇಷ್ಟು ತಿಂಗಳಲ್ಲಿ ಮರದ ಮೇಲಿನ ಮಾತನ್ನು ಇವರು ಒಮ್ಮೆಯೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

"ಹತ್ತಿದ್ ತಕ್ಷಣ ಅದನ್ನೇ ಕೇಳ್ದೆ. ಯಾಕ್ಲಾ ಭಾವ ಕೂಗ್ಲಿಲ್ಲ ಅಂದೆ." ಇವರು ಆರಿದ ಟೀವಿಯನ್ನೇ ನೋಡುತ್ತಿದ್ದರು. "ಕೂಗಿದ್ರೆ ನೀನು ಬತ್ತಿದ್ದೆ ಕಣ್ಲಾ ಅಂದ. ಬೆಲ್ಟೂ ಕಟ್ಕಳ್ದೆ ಬತ್ತಿದ್ದೆ ಅಂದ."